ತೊಂಬತ್ತೇಳು ಅಂಕದ ನಿದ್ದೆ

ನೀಲಾಂಬಿಕಾ ಕುಸುಗಲ್ ಆ ದೂರನ್ನು ಮೂರನೇ ಸಲ ದಾಖಲಿಸಿದಳು. ಮೂರನೇ ಸಲವೂ ಅದು ಎರಡೇ ಸೆಕೆಂಡಿನಲ್ಲಿ ತಾನಾಗಿ ಮುಚ್ಚಿಕೊಂಡಿತು. ಪರದೆಯ ಮೇಲೆ ಮತ್ತೆ ಅದೇ ಸಾಲು: ‘ರೋಗಿಯ ನಿದ್ರಾ ಅಂಕ 97. ಯಾವುದೇ ತೊಂದರೆ ಕಂಡುಬಂದಿಲ್ಲ. ನಿಮ್ಮ ಕಾಳಜಿಗೆ ಧನ್ಯವಾದ.’ ಪಕ್ಕದಲ್ಲಿ ನಗುವ ಚಂದ್ರನ ಚಿತ್ರ.

“ನಿನ್ನ ಧನ್ಯವಾದ ಯಾರಿಗೆ ಬೇಕಾಗೈತಿ?” ಎಂದು ಆಕೆ ಪರದೆಗೇ ಬೈದಳು. ಪಕ್ಕದ ಮೇಜಿನವರು ತಿರುಗಿ ನೋಡಿ ತಮ್ಮ ಕೆಲಸಕ್ಕೆ ಮರಳಿದರು. ಎರಡು ದಿನದಿಂದ ಅವರಿಗೂ ಇದು ಅಭ್ಯಾಸವಾಗಿತ್ತು.

ಧಾರವಾಡದ ಉಸಿರುಗಾವಲು ಕೇಂದ್ರದಲ್ಲಿ ನೀಲಾಂಬಿಕಾ ಹಿರಿಯ ತಂತ್ರಜ್ಞೆ. ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ ಇದ್ದ ಆರು ಸಾವಿರ ಜನರ ಎದೆಯೊಳಗಿನ ಯಂತ್ರಗಳು ಕಳಿಸುವ ಮಾಹಿತಿ ಆ ಕೋಣೆಗೆ ಬಂದು ಬೀಳುತ್ತಿತ್ತು. ಯಂತ್ರ ಬೆಂಕಿಪೊಟ್ಟಣದಷ್ಟು ದೊಡ್ಡದು. ಕೊರಳೆಲುಬಿನ ಕೆಳಗೆ ಚರ್ಮದೊಳಗೆ ಅದನ್ನು ಕೂರಿಸುತ್ತಾರೆ. ಅದರ ಒಂದು ತಂತಿ ನಾಲಿಗೆಯ ನರಕ್ಕೆ, ಇನ್ನೊಂದು ಪಕ್ಕೆಲುಬುಗಳ ನಡುವೆ. ಈ ಕಾಯಿಲೆಯವರು ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗಿ ನಾಲಿಗೆ ಹಿಂದಕ್ಕೆ ಜಾರುತ್ತದೆ, ಉಸಿರಿನ ದಾರಿ ಮುಚ್ಚಿಹೋಗುತ್ತದೆ. ಆಗ ಯಂತ್ರ ನರಕ್ಕೆ ಸಣ್ಣದೊಂದು ವಿದ್ಯುತ್ತಿನ ತಿವಿತ ಕೊಡುತ್ತದೆ. ನಾಲಿಗೆ ಮುಂದೆ ಬರುತ್ತದೆ, ದಾರಿ ತೆರೆಯುತ್ತದೆ. ಗಂಟಲು ಎಷ್ಟು ಹೊತ್ತು ತೆರೆದಿತ್ತು ಎಂದು ಲೆಕ್ಕ ಹಾಕಿ ರೋಗಿಯ ಫೋನಿಗೆ ದಿನಾ ಒಂದು ಅಂಕ ಕಳಿಸುತ್ತದೆ. ಈ ಯಂತ್ರ ಬಂದಮೇಲೆ ಮೂತಿಗೆ ಮುಖವಾಡ ಕಟ್ಟಿಕೊಂಡು, ಕೊಳವೆ ಜೋಡಿಸಿಕೊಂಡು ಮಲಗುತ್ತಿದ್ದ ಕಾಲ ಮುಗಿದು, ಹಳೆಯ ಗಾಳಿಯಂತ್ರಗಳೆಲ್ಲ ಗುಜರಿ ಸೇರಿದ್ದವು.

ನೀಲಾಂಬಿಕಾಳ ತಲೆ ಕೆಡಿಸಿದ್ದು ಒಬ್ಬ ರೋಗಿಯ ಬ್ಯಾಟರಿ. ಹೆಸರು ದಾವಲಸಾಬ ನದಾಫ, ವಯಸ್ಸು ಐವತ್ತನಾಲ್ಕು, ಊರು ಹುಬ್ಬಳ್ಳಿ. ಒಂಬತ್ತು ವರ್ಷ ಬಾಳಬೇಕಾದ ಬ್ಯಾಟರಿ ಹನ್ನೊಂದು ದಿನಗಳಲ್ಲಿ ಅರ್ಧ ವರ್ಷದಷ್ಟು ಕರಗಿತ್ತು. ಅಂದರೆ ಯಂತ್ರ ಹುಚ್ಚು ಹಿಡಿದಂತೆ ನರವನ್ನು ತಿವಿಯುತ್ತಿತ್ತು. ಆದರೆ ಅಂಕ ಮಾತ್ರ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿತ್ತು. ಅಂಕ ಚೆನ್ನಾಗಿದ್ದರೆ ದೂರು ತಾನಾಗಿ ಮುಚ್ಚಿಕೊಳ್ಳಬೇಕು. ಹಾಗೆಂದು ತಂತ್ರಾಂಶ ಬರೆದವರು ನಿರ್ಧರಿಸಿಬಿಟ್ಟಿದ್ದರು.

*

ಅದೇ ಹೊತ್ತಿಗೆ ಹುಬ್ಬಳ್ಳಿಯ ಗಣೇಶಪೇಟೆಯ ಒಂದು ಕಿರುಮನೆಯಲ್ಲಿ ದಾವಲಸಾಬರ ಹೆಂಡತಿ ಬೀಬಿಜಾನ್ ಗಂಡನ ಮುಖ ನೋಡುತ್ತ ಕೂತಿದ್ದಳು. ದಾವಲಸಾಬರು ಬೇಕರಿಯಲ್ಲಿ ಭಟ್ಟಿಯ ಮುಖ್ಯ ಕೆಲಸಗಾರ. ರಾತ್ರಿಯಿಡೀ ಬ್ರೆಡ್ಡು, ಬಿಸ್ಕೀಟು ಸುಟ್ಟು ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಬಂದು ಮಲಗಿದರೆ ಏಳುವುದು ಸಂಜೆಗೇ. ಮೂವತ್ತು ವರ್ಷ ಬೀಬಿಜಾನ್ ಆ ಗೊರಕೆಗೆ ರೋಸಿಹೋಗಿದ್ದಳು. ಯಂತ್ರ ಕೂರಿಸಿದ ಮೇಲೂ ಸಣ್ಣಗೆ ಉಳಿದಿದ್ದ ಆ ಗೊರಕೆ ಈಗ ಇಲ್ಲವೇ ಇಲ್ಲ. ಇಲ್ಲವೆಂಬುದೇ ಆಕೆಗೆ ಭಯ ಹುಟ್ಟಿಸಿತ್ತು. ಗಂಡನ ಬಾಯಿ ತೆರೆದಿತ್ತು. ನಾಲಿಗೆ ತುಟಿಯಾಚೆ ಚಾಚುತ್ತಿತ್ತು, ಒಳಗೆ ಹೋಗುತ್ತಿತ್ತು, ಮತ್ತೆ ಚಾಚುತ್ತಿತ್ತು. ಎದೆ ಮಾತ್ರ ಏಳುತ್ತಿರಲಿಲ್ಲ. ಆಕೆ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದಳು. ಇಪ್ಪತ್ತೈದಕ್ಕೆ ಭುಜ ಹಿಡಿದು ಅಲುಗಾಡಿಸಿದಳು.

“ಏನ್ ಬಂತ ನಿನಗ?” ದಾವಲಸಾಬರು ಸಿಡುಕಿದರು. ನಾಲಿಗೆ ಬಾತು ಮಾತು ತೊದಲುತ್ತಿತ್ತು. “ಮೊದಲ ಗೊರಕಿ ಹೊಡೀತೀನಿ ಅಂತ ಎಬ್ಬಸ್ತಿದ್ದಿ. ಈಗ ಹೊಡೀವಲ್ಲೆ ಅಂತ ಎಬ್ಬಸ್ತಿ.”

“ನೀವು ಉಸಿರ ತಗೋವಲ್ರಿ. ನಾ ಎಣಿಸೀನಿ.”

“ನೋಡಿಲ್ಲೆ.” ಅವರು ದಿಂಬಿನ ಕೆಳಗಿಂದ ಫೋನ್ ತೆಗೆದು ಹಿಡಿದರು. “ತೊಂಬತ್ತೇಳು! ನಿನ್ನಿ ತೊಂಬತ್ತಾರು. ನಿನ್ನ ಎಣಿಕಿ ದೊಡ್ಡದೋ, ಯಂತ್ರದ ಎಣಿಕಿ ದೊಡ್ಡದೋ?”

ಯಂತ್ರದ ಮುಂದೆ ಬೀಬಿಜಾನಳ ಎಣಿಕೆಗೆ ಬೆಲೆ ಇರಲಿಲ್ಲ. ಆದರೆ ಈ ಹತ್ತು ದಿನಗಳಲ್ಲಿ ಆಕೆ ನೋಡಿದ್ದು ಅದೊಂದೇ ಅಲ್ಲ. ಗಂಡ ಎದ್ದಕೂಡಲೇ ತಲೆ ಹಿಡಿದುಕೊಂಡು ಕೂರುತ್ತಿದ್ದರು. ನಾಲಿಗೆಗೆ ರುಚಿ ಹತ್ತುತ್ತಿರಲಿಲ್ಲ. ಹಿಟ್ಟಿನ ಚೂರು ಬಾಯಿಗೆ ಹಾಕಿಕೊಂಡು ಉಪ್ಪು ನೋಡುವ ಮನುಷ್ಯ, ಎರಡು ದಿನ ಖಾರಾ ಬಿಸ್ಕೀಟನ್ನು ಉಪ್ಪುಪ್ಪು ಮಾಡಿ ಬೇಕರಿ ಮಾಲೀಕನ ಬಾಯಿಗೆ ಸಿಕ್ಕಿದ್ದರು. ಮೊನ್ನೆಯಂತೂ ಭಟ್ಟಿಯ ಮುಂದೆ ನಿಂತಲ್ಲೇ ತೂಕಡಿಸಿ ಮುಂಗೈ ಸುಟ್ಟುಕೊಂಡಿದ್ದರು. ಅದಕ್ಕೆ ಕಟ್ಟಿದ ಬಿಳಿ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ.

ಫೋನ್ ಅವರ ಕೈಯಲ್ಲೇ ರಿಂಗಾಯಿತು.

*

“ದಾವಲಸಾಬ್ರ, ನಾನು ಉಸಿರುಗಾವಲು ಕೇಂದ್ರದಿಂದ ನೀಲಾಂಬಿಕಾ ಅಂತ. ಆರಾಮ ಅದೀರಿ?”

“ಅದೀನ್ರಿ ಮೇಡಂ. ತೊಂಬತ್ತೇಳು ಬಂದೈತಿ.”

“ಅದು ನನಗೂ ಕಾಣತೈತ್ರಿ.” ನೀಲಾಂಬಿಕಾ ಹಲ್ಲು ಕಚ್ಚಿದಳು. “ಹತ್ತು ಹನ್ನೊಂದು ದಿನದಾಗ ಹೊಸಾ ಗುಳಿಗಿ ಏನರ ತಗೊಂಡೀರೇನು? ನಿದ್ದಿ ಗುಳಿಗಿ, ನೋವಿನ ಗುಳಿಗಿ?”

“ಒಂದೂ ಇಲ್ರಿ.”

“ಕುಡಿಯೂದು?”

“ತೋಬಾ ತೋಬಾ! ಏನ್ ಮಾತಂತ ಆಡ್ತೀರಿ?”

ಕರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬೀಬಿಜಾನ್ ಗಂಡನ ಕೈಯಿಂದ ಫೋನ್ ಕಿತ್ತುಕೊಂಡಳು. ನಾಲಿಗೆ, ಉಪ್ಪು, ಸುಟ್ಟ ಕೈ, ಏಳದ ಎದೆ, ಇಪ್ಪತ್ತೈದರ ತನಕ ಎಣಿಸಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಕೊನೆಗೆ, “ಗುಳಿಗಿ ಇಲ್ರಿ ಮೇಡಂ, ಸೂಜಿ ಮಾಡಿಸ್ಯಾರ. ನಡಾ ಹಿಡಕೊಂಡಿತ್ತು. ಮೈದಾ ಚೀಲ ಎತ್ತಿ ಎತ್ತಿ. ತಿಂಗಳಿಗೆ ಒಂದ ಸೂಜಿ ಅಂತ,” ಎಂದಳು.

ನೀಲಾಂಬಿಕಾಳ ಬೆನ್ನು ನೆಟ್ಟಗಾಯಿತು. ತಿಂಗಳ ಸೂಜಿ ಆಕೆಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಬಿಗಿದ ಸ್ನಾಯುಗಳನ್ನು ಸಡಿಲಿಸುವ ಔಷಧವದು. ಮೊದಲು ದಿನಕ್ಕೆ ಮೂರು ಗುಳಿಗೆ ನುಂಗಬೇಕಿತ್ತು. ಈಗ ಒಂದು ಚುಚ್ಚುಮದ್ದು ಹಾಕಿದರೆ ಚರ್ಮದ ಕೆಳಗೆ ಸಣ್ಣ ಗಡ್ಡೆಯಾಗಿ ಕೂತು ಮೂವತ್ತು ದಿನ ಹನಿಹನಿಯಾಗಿ ಕರಗುತ್ತದೆ. ಹಮಾಲರು, ಗಾರೆ ಕೆಲಸದವರು, ಚಾಲಕರು ಮುಗಿಬಿದ್ದು ಹಾಕಿಸಿಕೊಳ್ಳುತ್ತಿದ್ದರು.

“ಯಾವತ್ತ ಮಾಡಿಸಿದ್ರು?”

“ಇವತ್ತಿಗೆ ಹನ್ನೊಂದು ದಿನಾತ್ರಿ.”

ಆಕೆ ಫೋನನ್ನು ಕಿವಿಗಿಟ್ಟುಕೊಂಡೇ ದಾವಲಸಾಬರ ಕಚ್ಚಾ ದಾಖಲೆ ತೆರೆದಳು. ಪಕ್ಕೆಲುಬಿನ ತಂತಿ ಎದೆಯ ಏರಿಳಿತವನ್ನು ಅಳೆಯುತ್ತದೆ. ಆದರೆ ಅಂಕ ಲೆಕ್ಕ ಹಾಕುವ ತಂತ್ರಾಂಶ ಅದನ್ನು ನೋಡುವುದೇ ಇಲ್ಲ. ನೀಲಾಂಬಿಕಾ ನೋಡಿದಳು. ಹನ್ನೊಂದು ದಿನದ ಹಿಂದೆ ಎದೆಯ ಗೆರೆ ಅಲೆಯಲೆಯಾಗಿತ್ತು. ನಿನ್ನೆಯ ಗೆರೆಯಲ್ಲಿ ನಾಲ್ಕು ಅಲೆ, ಆಮೇಲೆ ಮೂವತ್ತು ಸೆಕೆಂಡು ಸಪಾಟು. ಮತ್ತೆ ಮೂರು ಅಲೆ, ಮತ್ತೆ ಸಪಾಟು. ಆರು ತಾಸು ಹೀಗೇ.

*

ಕೇಂದ್ರದ ವೈದ್ಯರು ಡಾಕ್ಟರ್ ಸುಹಾಸ ಜಮಖಂಡಿ. ನಿವೃತ್ತಿಗೆ ಎರಡು ವರ್ಷ ಇತ್ತು. ಗೆರೆ ನೋಡಿದವರೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈ ಔಷಧ ನಡದ ಸ್ನಾಯುಕ್ಕಷ್ಟ ಹೋಗಂಗಿಲ್ಲ ನೀಲಾಂಬಿಕಾ. ಗಂಟಲಕ್ಕೂ ಹೋಗ್ತದ, ಮೆದುಳಿಗೂ ಹೋಗ್ತದ. ಗಂಟಲು ಮುಚ್ಚಿದ್ರ ನಮ್ಮ ಯಂತ್ರ ತೆಗೀತದ, ಖರೆ. ಆದ್ರ ಉಸಿರು ತಗೋ ಅಂತ ಮೆದುಳು ಹೇಳಬೇಕಲ್ಲ? ಅದ ಹೇಳೂದ ಬಿಟ್ಟದ. ಬಾಗಿಲಾ ತೆರದದ, ಒಳಗ ಬರವರ ಇಲ್ಲ. ಗಾಳಿ ಬರವಲ್ದು ಅಂತ ಯಂತ್ರ ಇನ್ನಷ್ಟು ಬಾಗಿಲಾ ತೆಗಿಯಾಕ ಹೋಗಿ ನಾಲಿಗಿ ಜಗ್ಗಾಕತ್ತದ.”

“ಮತ್ತ ಅಂಕ ತೊಂಬತ್ತೇಳು!”

“ಬಾಗಿಲಾ ಎಷ್ಟೊತ್ತು ತೆರದಿತ್ತು ಅಂತಷ್ಟ ಅದು ಎಣಸ್ತದಲ್ಲ, ಮತ್ತ?”

ಸೂಜಿ ಹಾಕಿದ್ದ ನೋವು ನಿವಾರಣಾ ಚಿಕಿತ್ಸಾಲಯಕ್ಕೆ ಫೋನ್ ಮಾಡಿದರೆ ಹದಿನೆಂಟು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಸಿಕ್ಕ ನರ್ಸ್ ಕಡತ ತೆಗೆದು ಓದಿದಳು. ಅವರ ಅರ್ಜಿಯಲ್ಲಿ ‘ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ ಇದೆಯೇ?’ ಎಂಬ ಪ್ರಶ್ನೆ ಇತ್ತು. ದಾವಲಸಾಬರು ‘ಇಲ್ಲ’ ಎಂದು ಒತ್ತಿದ್ದರು. ಚಿಕಿತ್ಸಾಲಯದವರು ಅಷ್ಟಕ್ಕೇ ಬಿಡದೆ ಆರೋಗ್ಯ ದಾಖಲೆಯನ್ನೂ ತೆರೆದು ನೋಡಿದ್ದರು. ಅಲ್ಲಿಯೂ ಇಲ್ಲ ಎಂದೇ ಇತ್ತು. ಏಕೆಂದರೆ ನೂರು ದಿನ ಒಳ್ಳೆಯ ಅಂಕ ಬಂದವರಿಗೆ ಉಸಿರುಗಾವಲು ತಂತ್ರಾಂಶವೇ ‘ನೀವು ಗುಣಮುಖರಾಗಿದ್ದೀರಿ’ ಎಂದು ಹೂಗುಚ್ಛದ ಚಿತ್ರ ಕಳಿಸಿ, ಅವರ ಕಾಯಿಲೆಯನ್ನು ದಾಖಲೆಯಿಂದ ಅಳಿಸಿಹಾಕುತ್ತಿತ್ತು.

“ಸುಳ್ಳು ಯಾರೂ ಹೇಳಿಲ್ಲ ಸರ್,” ನೀಲಾಂಬಿಕಾ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. “ಯಾರಿಗೆ ಬೈಬೇಕು ಹೇಳ್ರಿ ನಾ? ಬೈಯಾಕ ಸೈತ ಒಬ್ಬರು ಸಿಗವಲ್ರು.”

ಔಷಧವನ್ನು ಹೊರಗೆ ತೆಗೆಯುವ ಹಾಗಿರಲಿಲ್ಲ. ಅದಾಗಲೇ ಸುತ್ತಲಿನ ಕೊಬ್ಬಿನಲ್ಲಿ ಹರಡಿರುತ್ತದೆ. ಅದಕ್ಕೆ ಮರುಮದ್ದೂ ಇಲ್ಲ. ಇನ್ನೂ ಹತ್ತೊಂಬತ್ತು ದಿನ ಅದು ಕರಗುತ್ತಲೇ ಇರುತ್ತದೆ. ಅಲ್ಲಿಯವರೆಗೆ ಮಲಗಿದಾಗಲೆಲ್ಲ ಯಾರೋ, ಯಾವುದೋ ಅವರಿಗೆ ಉಸಿರು ಕೊಡಬೇಕು.

ಡಾಕ್ಟರ್ ಜಮಖಂಡಿ ದೊಡ್ಡ ಆಸ್ಪತ್ರೆಗೆ ದಾಖಲಾತಿ ಕೋರಿಕೆ ಕಳಿಸಿದರು. ಎರಡು ಸೆಕೆಂಡಿನಲ್ಲಿ ಉತ್ತರ ಬಂತು: ‘ರೋಗಿಯ ನಿದ್ರಾ ಅಂಕ 97. ಶ್ವಾಸ ವಿಭಾಗದಲ್ಲಿ ಹಾಸಿಗೆಯ ಅಗತ್ಯವಿಲ್ಲ.’ ಮನುಷ್ಯರೇ ಕೂತು ಪರಿಶೀಲಿಸಬೇಕೆಂದರೆ ನಾಳೆ ಮಧ್ಯಾಹ್ನ.

“ಅಂಕ ಇಳಿಸಿ ತೋರಸೂಣೇನು?” ನೀಲಾಂಬಿಕಾ ಕೇಳಿದಳು. “ಯಂತ್ರ ಬಂದ್ ಮಾಡಿದ್ರ ಇಳೀತೈತಿ.”

“ಬಂದ್ ಮಾಡಿದ್ರ ಗಂಟಲಾನೂ ಮುಚ್ಚತದ. ಹಾಸಿಗಿ ಸಿಗ್ತದ, ಮನಷ್ಯಾ ಇರಂಗಿಲ್ಲ.” ಅವರು ಎದ್ದು ನಿಂತರು. “ಹಳೇ ಗಾಳಿಯಂತ್ರ ಒಂದ ಎಲ್ಲೆರ ಇರಬೇಕು. ಉಸಿರು ನಿಂತ್ರ ತಾನ ಗಾಳಿ ದೂಡ್ತದಲ್ಲ, ಅಂಥಾದ್ದು. ನಾ ಹುಡಕ್ತೀನಿ. ಅಲ್ಲೀತನಕ ಅವರನ್ನ ಮಲಗಾಕ ಬಿಡಬ್ಯಾಡ್ರಿ.”

*

ರಾತ್ರಿಯಿಡೀ ಭಟ್ಟಿಯ ಮುಂದೆ ನಿಂತು ಬಂದ ಮನುಷ್ಯನನ್ನು ಮಲಗದಂತೆ ನೋಡಿಕೊಳ್ಳುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬೀಬಿಜಾನ್ ಮೂರು ಸಲ ಚಹಾ ಮಾಡಿಕೊಟ್ಟಳು. ಮುಖಕ್ಕೆ ನೀರು ಹಾಕಿಸಿದಳು. ಮದುವೆಯ ದಿನ ಅವರ ಅಣ್ಣ ಮಾಡಿದ ಜಗಳವನ್ನು ಬೇಕೆಂದೇ ಎತ್ತಿ ಕೆಣಕಿದಳು. ಹತ್ತು ನಿಮಿಷ ಕೂಗಾಡಿದ ದಾವಲಸಾಬರು ಹನ್ನೊಂದನೇ ನಿಮಿಷಕ್ಕೆ ಗೋಡೆಗೊರಗಿ ನಿದ್ದೆ ಹೋದರು.

“ಇನ್ನ ಆಗೂದಿಲ್ರಿ ಮೇಡಂ,” ಎಂದಳು ಫೋನಿನಲ್ಲಿ.

“ಮಲಗಲಿ ಬಿಡ್ರಿ ಅಕ್ಕಾರ. ನಾ ಇಲ್ಲಿ ಗೆರಿ ನೋಡಕೋತ ಕೂಡ್ತೀನಿ. ಸಪಾಟ ಆದಕೂಡಲೇ ರಿಂಗ್ ಮಾಡ್ತೀನಿ. ನೀವು ಎತ್ತೂದು ಬ್ಯಾಡ. ಅವರನ್ನ ಅಲುಗಾಡಿಸಿಬಿಡ್ರಿ.”

ಹೀಗೆ ಶುರುವಾಯಿತು. ಧಾರವಾಡದಲ್ಲಿ ಗೆರೆ ಸಪಾಟಾಗುತ್ತಿತ್ತು, ನೀಲಾಂಬಿಕಾ ಹನ್ನೆರಡು ಎಣಿಸುತ್ತಿದ್ದಳು, ಗಣೇಶಪೇಟೆಯಲ್ಲಿ ಫೋನ್ ರಿಂಗಾಗುತ್ತಿತ್ತು, ಬೀಬಿಜಾನ್ ಗಂಡನ ಭುಜ ಜಗ್ಗುತ್ತಿದ್ದಳು. ಅವರು ಏದುಸಿರು ಬಿಟ್ಟು ಕಣ್ಣು ತೆರೆಯುತ್ತಿದ್ದರು, ಬೈಯುತ್ತಿದ್ದರು, ಮತ್ತೆ ಮಲಗುತ್ತಿದ್ದರು. ನಾಲ್ಕು ನಿಮಿಷಕ್ಕೊಮ್ಮೆ, ಐದು ನಿಮಿಷಕ್ಕೊಮ್ಮೆ. ಪಕ್ಕದ ಮನೆಯವಳು ಬಾಗಿಲಿಗೆ ಬಂದು “ಏನ್ರಿ ಫೋನ್ ಅದು, ಎತ್ತಬಾರದೇನು?” ಎಂದು ಸಿಟ್ಟು ಮಾಡಿ ಹೋದಳು. ಕೇಂದ್ರದ ಮೇಲ್ವಿಚಾರಕ ನೀಲಾಂಬಿಕಾಳ ಹಿಂದೆ ಬಂದು ನಿಂತು, ಉಳಿದ ಐದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಜನರನ್ನು ಯಾರು ನೋಡಬೇಕೆಂದು ಕೇಳಿದ. ಆಕೆ ತಿರುಗಿಯೂ ನೋಡದೆ “ಅವರ ಅಂಕ ಎಲ್ಲಾ ಛಲೋ ಅದಾವಲ್ರಿ,” ಎಂದಳು.

ನಲವತ್ತನೇ ರಿಂಗಿಗೆ ದಾವಲಸಾಬರು ತಾವೇ ಫೋನ್ ಎತ್ತಿದರು.

“ಯಕ್ಕಾ, ಕೈ ಮುಗೀತೀನಿ. ಸಾಯಾಕರ ಬಿಡ್ರಿ, ಇಲ್ಲಾ ಮಲಗಾಕರ ಬಿಡ್ರಿ. ಎರಡರಾಗ ಒಂದ ಮಾಡ್ರಿ.”

“ಎರಡೂ ಬಿಡಂಗಿಲ್ಲ ಕಾಕಾ. ಇನ್ನೊಂದ ತಾಸು.”

“ಒಂದ ತಾಸು, ಒಂದ ತಾಸು ಅಂತ ಮೂರು ತಾಸಾತು!” ಧ್ವನಿ ಒಡೆಯಿತು. ಸಿಟ್ಟಿನ ಕೆಳಗೆ ಬೇರೇನೋ ಇತ್ತು. “ನನಗ ಖರೇನ ಏನರ ಆಗೈತೇನ್ರಿ? ಅಂಕ ಛಲೋ ಐತಿ ಅಂತ ನಾ...”

“ಅಂಕದ ತಪ್ಪು ಕಾಕಾ, ನಿಮ್ಮದಲ್ಲ,” ಎಂದಳು ನೀಲಾಂಬಿಕಾ. ಈ ಎರಡು ದಿನಗಳಲ್ಲಿ ಮೊದಲ ಸಲ ಆಕೆಯ ದನಿ ಮೆತ್ತಗಾಗಿತ್ತು. ಅಷ್ಟರಲ್ಲಿ ಅವರಿಗೆ ಮತ್ತೆ ಜೊಂಪು ಹತ್ತಿತು. ಬೀಬಿಜಾನ್ ಫೋನ್ ಇಸಿದುಕೊಂಡು ಗಂಡನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

*

ಡಾಕ್ಟರ್ ಜಮಖಂಡಿ ಏಳು ಕಡೆ ಅಲೆದರು. ಎಲ್ಲಿ ಹೋದರೂ “ಅವು ಈಗ ಎಲ್ಲಿ ಸರ್?” ಎಂಬ ಉತ್ತರವೇ. ಕೊನೆಗೆ ಒಂದು ನರ್ಸಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಸಿಕ್ಕಿತು. ಮಂಚದ ಮೇಲೆ ಮಲಗಿದ್ದ ಪ್ಲಾಸ್ಟಿಕ್ ಗೊಂಬೆಗೆ ಮುಖವಾಡ ಕಟ್ಟಿತ್ತು. ಯಂತ್ರ ನಿಮಿಷಕ್ಕೆ ಹದಿನಾಲ್ಕು ಸಲ ಆ ಗೊಂಬೆಗೆ ತಪ್ಪದೆ ಗಾಳಿ ಕೊಡುತ್ತಿತ್ತು.

“ಕೊಡಾಕ ಬರಂಗಿಲ್ರಿ ಸರ್,” ಎಂದ ಪ್ರಯೋಗಾಲಯದ ಸಹಾಯಕ. “ಮಂಗಳವಾರ ಪ್ರಾಕ್ಟಿಕಲ್ ಪರೀಕ್ಷಾ ಐತಿ. ಪ್ರಿನ್ಸಿಪಾಲರ ಪತ್ರ ಬೇಕು. ಅವರು ರಜಾದಾಗ ಅದಾರ.”

ಡಾಕ್ಟರು ಗೊಂಬೆಯ ಮುಖದಿಂದ ಮುಖವಾಡ ಬಿಚ್ಚಿದರು. “ಮಂಗಳವಾರತನಕ ಇಂವಾ ಉಸಿರು ಹಿಡೀತಾನ ತಮ್ಮಾ. ಹುಬ್ಬಳ್ಯಾಗ ಒಬ್ಬರಿಗೆ ಅಷ್ಟು ದಮ್ಮಿಲ್ಲ.” ಒಂದು ಬಿಳಿ ಹಾಳೆಯ ಮೇಲೆ ತಮ್ಮ ಹೆಸರು, ಫೋನ್ ನಂಬರು ಬರೆದು ಗೊಂಬೆಯ ಎದೆಯ ಮೇಲಿಟ್ಟರು. ಯಂತ್ರವನ್ನು ತಬ್ಬಿಕೊಂಡು ಹೊರಗೆ ಬಂದು ಆಟೋ ಹತ್ತಿದರು.

ಗಣೇಶಪೇಟೆ ತಲುಪಿದಾಗ ನಾಲ್ಕೂವರೆ. ಅಷ್ಟೊತ್ತಿಗೆ ಫೋನ್ ಅರವತ್ತೆರಡು ಸಲ ರಿಂಗಾಗಿತ್ತು. ಮುಖವಾಡ ಕಂಡು ದಾವಲಸಾಬರು ಮುಖ ಕಿವುಚಿದರು. ಇಂಥದ್ದನ್ನೇ ಆರು ವರ್ಷದ ಹಿಂದೆ ಅವರು ಹಟ ಮಾಡಿ ಬಿಟ್ಟಿದ್ದರು. ಆದರೆ ಈಗ ಜಗಳಾಡುವ ತ್ರಾಣ ಉಳಿದಿರಲಿಲ್ಲ. ಡಾಕ್ಟರು ಪಟ್ಟಿ ಬಿಗಿದರು, ಎಂಟು ಸೆಕೆಂಡು ಉಸಿರು ಬಾರದಿದ್ದರೆ ತಾನೇ ಗಾಳಿ ದೂಡುವಂತೆ ಯಂತ್ರವನ್ನು ಹೊಂದಿಸಿದರು.

ಧಾರವಾಡದಲ್ಲಿ ನೀಲಾಂಬಿಕಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಗೆರೆಯಲ್ಲಿ ಮೂರು ಅಲೆ. ಸಪಾಟು. ಬೆರಳು ರಿಂಗ್ ಒತ್ತಲು ಹೋಯಿತು. ಆರು, ಏಳು, ಎಂಟು. ಗೆರೆ ಮೇಲೆದ್ದಿತು. ಇಳಿಯಿತು. ಮತ್ತೆ ಎದ್ದಿತು. ಆಕೆ ಫೋನನ್ನು ಬೋರಲಾಗಿಟ್ಟು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡಳು.

ದಾವಲಸಾಬರು ಮರುದಿನ ಬೆಳಿಗ್ಗೆ ಎಂಟರವರೆಗೆ ಮಲಗಿದರು. ಎದ್ದಾಗ ತಲೆನೋವಿರಲಿಲ್ಲ. ಹತ್ತೊಂಬತ್ತು ದಿನ ಅವರು ಬೇಕರಿಗೆ ಹೋಗಲಿಲ್ಲ. ಅವರ ಬದಲಿಗೆ ಬಂದವನು ಬ್ರೆಡ್ಡು ಕರಕಲು ಮಾಡಿದ್ದಕ್ಕೆ ಮಾಲೀಕನೇ ಮನೆಗೆ ಬಂದು ಯಾವಾಗ ಬರ್ತಿ ಎಂದು ಕೇಳಿಹೋದ. ಹದಿನೈದನೇ ದಿನದಿಂದ ಎದೆಯ ಗೆರೆ ತಾನಾಗಿಯೇ ಅಲೆಯಾಗತೊಡಗಿತು. ಅಷ್ಟರಲ್ಲಿ ಸೊಂಟ ಮತ್ತೆ ಹಿಡಿದುಕೊಂಡಿತ್ತು. ಬೀಬಿಜಾನ್ ಬಿಸಿ ಉಸುಕಿನ ಗಂಟು ಒತ್ತುತ್ತಿದ್ದಳು.

*

ಕೇಂದ್ರದಲ್ಲಿ ಸಭೆ ನಡೆಯಿತು. ಎದೆಯ ಗೆರೆಯನ್ನೂ ಅಂಕಕ್ಕೆ ಸೇರಿಸಬೇಕೆಂಬ ಸಲಹೆ ಬಹಳ ಮೌಲಿಕವಾದುದೆಂದು ಎಲ್ಲರೂ ಒಪ್ಪಿ, ಮುಂದಿನ ವರ್ಷದ ತಂತ್ರಾಂಶದಲ್ಲಿ ಪರಿಗಣಿಸುವುದಾಗಿ ಬರೆದುಕೊಂಡರು. ಒಬ್ಬ ರೋಗಿಗೆ ಒಂದೇ ದಿನ ಅರವತ್ತೆರಡು ಸಲ ಕರೆ ಮಾಡಿದ್ದಕ್ಕೆ ನೀಲಾಂಬಿಕಾಗೆ ವಿವರಣೆ ಕೇಳಿ ಪತ್ರ ಕೊಟ್ಟರು.

ಪತ್ರವನ್ನು ಆಕೆ ಮಡಚಿ ಲೋಟದ ಕೆಳಗಿಟ್ಟಳು. ಆರು ಸಾವಿರ ಜನರಲ್ಲಿ ಯಾರ ಬ್ಯಾಟರಿ ಹೀಗೆ ಕರಗುತ್ತಿದೆ, ಯಾರ ಎದೆಯ ಗೆರೆ ಸಪಾಟಾಗುತ್ತಿದೆ ಎಂದು ತಾನೇ ಹುಡುಕಿದಳು. ನಲವತ್ತಮೂರು ಹೆಸರು ಬಂದವು. ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಮೊದಲನೆಯವನು “ತೊಂಬತ್ತೆಂಟು ಐತ್ರಿ” ಎಂದು ಇಟ್ಟುಬಿಟ್ಟ. ಎರಡನೆಯವನು ಮೋಸದ ಕರೆಯೆಂದು ಪೊಲೀಸರಿಗೆ ಹೇಳುತ್ತೇನೆಂದ. ಮೂರನೆಯವನು ಆಕೆಗೇ ಬುದ್ಧಿ ಹೇಳಿದ.

ರೋಸಿಹೋಗಿ ಆಕೆ ಬೀಬಿಜಾನಳಿಗೆ ಫೋನ್ ಮಾಡಿ ಸಂಕಟ ತೋಡಿಕೊಂಡಳು. ಬೀಬಿಜಾನ್ ಕೇಳಿಸಿಕೊಂಡು, “ನೀವು ತಪ್ಪು ಮನಷ್ಯಾರಿಗೆ ಫೋನ್ ಮಾಡಾಕತ್ತೀರಿ,” ಎಂದಳು. ಮಧ್ಯಾಹ್ನದ ಬಸ್ಸಿಗೆ ಧಾರವಾಡಕ್ಕೆ ಬಂದು ನೀಲಾಂಬಿಕಾಳ ಪಕ್ಕದ ಕುರ್ಚಿಯಲ್ಲಿ ಕೂತಳು. ಹೊರಗಿನವರು ಒಳಗೆ ಬರುವಂತಿಲ್ಲ ಎಂದ ಮೇಲ್ವಿಚಾರಕನಿಗೆ ಡಾಕ್ಟರ್ ಜಮಖಂಡಿ, “ನನ್ನ ಅತಿಥಿ,” ಎಂದು ಹೇಳಿ ಬಾಗಿಲು ಹಾಕಿಕೊಂಡರು.

ನಾಲ್ಕನೆಯ ಹೆಸರಿಗೆ ಕರೆ ಹಚ್ಚಿದಾಗ ಹೆಂಗಸೊಬ್ಬಳು ಎತ್ತಿದಳು. ಅಪ್ಪ ಇಲ್ಲ ಎಂದಳು. ಯಾವಾಗ ಬರುತ್ತಾರೆಂದು ಬೀಬಿಜಾನ್ ಕೇಳಿದಳು.

“ತೀರಿಕೊಂಡ್ರವ್ವಾ. ಮೊನ್ನಿ ಗುರುವಾರ. ಮಲಗಿದವ್ರು ಏಳಲಿಲ್ಲ. ಪುಣ್ಯವಂತ್ರು ನೋಡ್ರಿ, ಏನೂ ತ್ರಾಸ ಇಲ್ಲದ ಹೋದ್ರು. ಅವತ್ತ ಅವರ ಅಂಕ ನೂರಕ್ಕ ನೂರ ಬಂದಿತ್ತು.”

ಬೀಬಿಜಾನ್ ಫೋನ್ ಇಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು. ನೀಲಾಂಬಿಕಾ ಆ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಪೆನ್ನು ಹಿಡಿದು ಕೂತಳು.

“ಮುಂದಿಂದು ಹಚ್ಚರಿ,” ಎಂದಳು ಬೀಬಿಜಾನ್.

ಐದನೆಯವನು ಎತ್ತಿದ. ದಪ್ಪ ದನಿ, ಅವಸರದ ಮನುಷ್ಯ. ಕೇಂದ್ರ ಎಂಬ ಮಾತು ಕಿವಿಗೆ ಬಿದ್ದದ್ದೇ ತನ್ನ ಅಂಕ ಹೇಳಲು ಶುರುಮಾಡಿದ.

“ನಿಮ್ಮ ಅಂಕ ಎಷ್ಟರ ಇರಲಿ ಅಣ್ಣಾ,” ಎಂದಳು ಬೀಬಿಜಾನ್. “ನನಗ ನಿಮ್ಮ ಕೂಡ ಕೆಲಸಿಲ್ಲ. ನೀವು ಮಲಗಿದಾಗ ನಿಮ್ಮ ಮಗ್ಗಲಕ ಯಾರ ಇರ್ತಾರ? ಅವರ ಕೈಯಾಗ ಫೋನ್ ಕೊಡ್ರಿ.”